130 ವೋಲ್ಟಿನ ಸರ್ವೋ ಮೋಟಾರು, 64 ವೋಲ್ಟಿನ ಸರಬರಾಜು: ಹಳೆಯ ಮಿಲ್ಲಿಂಗ್ ಯಂತ್ರಕ್ಕೆ ಮರುಜೀವ

ಪೀಣ್ಯದ ನಮ್ಮ ಶೆಡ್ಡಿನಲ್ಲಿರುವ ಸಿಎನ್‌ಸಿ ಮಿಲ್ಲಿಂಗ್ ಯಂತ್ರ, ಅಂದರೆ ತಿರುಗುವ ಕಟರಿನಿಂದ ಲೋಹ ಕತ್ತರಿಸುವ ಕಂಪ್ಯೂಟರ್ ನಿಯಂತ್ರಿತ ಯಂತ್ರ, 1980ರ ದಶಕದ್ದು. ಅದರ ಎರಕಹೊಯ್ದ ಕಬ್ಬಿಣದ ಮೈ, ಬಾಲ್‌ಸ್ಕ್ರೂ (ತಿರುಗಿ ಟೇಬಲ್ಲನ್ನು ಸರಿಸುವ ಸ್ಕ್ರೂ), ಟೇಬಲ್ಲಿನ ಜಾರುಪಟ್ಟಿಗಳು ಇನ್ನೂ ಗಟ್ಟಿಯಾಗಿವೆ. ಕೆಟ್ಟಿದ್ದು ಅದರ ಮಿದುಳು, ಮತ್ತು ಮೋಟಾರುಗಳಿಗೆ ವಿದ್ಯುತ್ತನ್ನು ಅಳೆದು ಕೊಡುವ ಥೈರಿಸ್ಟರ್ ಡ್ರೈವುಗಳು. ಮೂರೂ ಅಕ್ಷಗಳಲ್ಲಿದ್ದ ಬ್ರಷ್ ಮಾದರಿಯ ಡಿಸಿ ಸರ್ವೋ ಮೋಟಾರುಗಳು (ಹೇಳಿದ ಸ್ಥಾನಕ್ಕೆ ತಂದು ನಿಲ್ಲಿಸಬಲ್ಲ ಮೋಟಾರುಗಳು) ಮಾತ್ರ ಚೆನ್ನಾಗಿದ್ದವು. ಫಲಕದ ಮೇಲೆ 130 ವೋಲ್ಟ್, 8 ಆಂಪಿಯರ್, 2000 ಆರ್‌ಪಿಎಂ ಎಂದಿದೆ. ನಮ್ಮ ಕೈಗೆ ಸಿಕ್ಕಿದ ಬಳಸಿದ ಸರ್ವೋ ಡ್ರೈವುಗಳು ತಡೆದುಕೊಳ್ಳುವುದು ಹೆಚ್ಚೆಂದರೆ 80 ವೋಲ್ಟ್. 130ರ ಮೋಟಾರಿಗೆ ಅದರ ಅರ್ಧದಷ್ಟು ವೋಲ್ಟೇಜ್ ಕೊಟ್ಟು ಯಂತ್ರ ಓಡಿಸಬಹುದೇ ಎಂಬುದು ಪ್ರಶ್ನೆ. ಓಡಿಸಬಹುದು, ಅದೂ ನೆಮ್ಮದಿಯಾಗಿ. ಹೇಗೆ ಎಂಬುದನ್ನು ಲೆಕ್ಕದ ಸಮೇತ ಇಲ್ಲಿ ಬರೆಯುತ್ತಿದ್ದೇನೆ.

ಈ ಮಾತು ಎತ್ತಿದಾಗಲೆಲ್ಲ ಎದುರಿಗೆ ಬರುವ ಆಕ್ಷೇಪ ಒಂದೇ: ‘ವೋಲ್ಟೇಜ್ ಕಡಿಮೆಯಾದರೆ ಮೋಟಾರು ಸುಟ್ಟುಹೋಗುತ್ತದೆ.’ ಕರ್ನಾಟಕದ ಹಳ್ಳಿಗಳಲ್ಲಿ ಪಂಪ್‌ಸೆಟ್ ಇಟ್ಟುಕೊಂಡ ಯಾರನ್ನು ಕೇಳಿದರೂ ಹೀಗೆಯೇ ಹೇಳುತ್ತಾರೆ, ಮತ್ತು ಅವರ ಮಟ್ಟಿಗೆ ಅದು ನೂರಕ್ಕೆ ನೂರು ನಿಜ. ಬೋರ್‌ವೆಲ್ಲಿನ ಮೋಟಾರು ಇಂಡಕ್ಷನ್ ಮೋಟಾರು. ಅದರ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಆದರೆ ಮೇಲೆತ್ತಬೇಕಾದ ನೀರು ಕಡಿಮೆಯಾಗುವುದಿಲ್ಲ, ಲೈನಿನ ಆವರ್ತನವೂ ಬದಲಾಗುವುದಿಲ್ಲ. ಹೊರೆ ಹೊರಲು ಮೋಟಾರು ಹೆಚ್ಚು ಹೆಚ್ಚು ಪ್ರವಾಹ ಎಳೆಯುತ್ತದೆ, ವೈಂಡಿಂಗ್ ಕಾಯುತ್ತದೆ, ಕೊನೆಗೆ ಸುಡುತ್ತದೆ. ಶಾಶ್ವತ ಅಯಸ್ಕಾಂತದ ಡಿಸಿ ಸರ್ವೋ ಮೋಟಾರಿನ ಸ್ವಭಾವವೇ ಬೇರೆ. ಅದರ ಟಾರ್ಕ್ ನಿಂತಿರುವುದು ಆಂಪಿಯರಿನ ಮೇಲೆ ಮಾತ್ರ. ಎಷ್ಟು ಆಂಪಿಯರ್ ಹರಿಯಬೇಕೆಂದು ತೀರ್ಮಾನಿಸುವುದು ಡ್ರೈವು. ವೋಲ್ಟೇಜಿನಿಂದ ಸಿಗುವುದು ವೇಗ. ವೋಲ್ಟೇಜ್ ಅರ್ಧವಾದರೆ ಗರಿಷ್ಠ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಟಾರ್ಕ್ ಹಾಗೆಯೇ ಉಳಿಯುತ್ತದೆ, ಬಿಸಿಯೂ ಹೆಚ್ಚುವುದಿಲ್ಲ.

ಫಲಕವನ್ನೇ ನಂಬಿ ಕೂರದೆ ಮೋಟಾರುಗಳನ್ನು ಅಳೆಯುವುದು ಒಳ್ಳೆಯದು. ಅದಕ್ಕೂ ಮೊದಲು ಶುಚಿ ಮಾಡಬೇಕು. ಬ್ರಷ್ ಮುಚ್ಚಳ ತಿರುಚಿ ತೆಗೆದರೆ ಒಳಗೆಲ್ಲ ಕಾರ್ಬನ್ ಪುಡಿ, ಅದರ ಮೇಲೆ ಹಳೆಯ ಕೂಲಂಟ್ ಎಣ್ಣೆಯ ಪಸೆ. 500 ವೋಲ್ಟಿನ ಮೆಗ್ಗರ್ (ವಿದ್ಯುತ್ ಸೋರಿಕೆ ತಡೆಯುವ ನಿರೋಧವನ್ನು ಅಳೆಯುವ ಮೀಟರ್) ಹಿಡಿದಾಗ ವೈಂಡಿಂಗಿಗೂ ಮೋಟಾರಿನ ಮೈಗೂ ನಡುವೆ 0.4 ಮೆಗಾಓಮ್ ಅಷ್ಟೇ ಇತ್ತು. ಪುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆದು ತೆಗೆದೆವು. ಕಂಪ್ರೆಸರ್ ಗಾಳಿ ಹೊಡೆದರೆ ಪುಡಿ ವೈಂಡಿಂಗಿನ ಸಂದಿಗಳಿಗೆ ಇನ್ನಷ್ಟು ಆಳವಾಗಿ ಹೋಗಿ ಕೂರುತ್ತದೆ. ಆಮೇಲೆ ಬಟ್ಟೆಯಿಂದ ಒರೆಸಿ, ಹದವಾದ ಬಿಸಿಯಲ್ಲಿ ಒಣಗಿಸಿದಾಗ ಅದೇ ಮೆಗ್ಗರ್ 20 ಮೆಗಾಓಮ್ ತೋರಿಸಿತು. ಕಮ್ಯುಟೇಟರಿನ (ಬ್ರಷ್‌ಗಳಿಂದ ವಿದ್ಯುತ್ ಪಡೆಯುವ ತಾಮ್ರದ ಉರುಳೆಯ) ಮೇಲೆ ಬ್ರಷ್ ಓಡುವ ಪಟ್ಟಿ ಸಮನಾದ ಕಂದು ಬಣ್ಣಕ್ಕೆ ತಿರುಗಿತ್ತು. ಅದು ಆರೋಗ್ಯದ ಗುರುತು, ಅದನ್ನು ಎಮರಿ ಹಾಕಿ ಉಜ್ಜಬಾರದು. ತಾಮ್ರದ ಪಟ್ಟಿಗಳ ನಡುವಿನ ಗೆರೆಗಳಲ್ಲಿ ತುಂಬಿಕೊಂಡಿದ್ದ ಪುಡಿಯನ್ನು ಮೊನಚಾದ ಬಿದಿರಿನ ಕಡ್ಡಿಯಿಂದ ಕೆರೆದು ತೆಗೆದೆವು. ಆರ್ಮೇಚರನ್ನು, ಅಂದರೆ ಒಳಗೆ ತಿರುಗುವ ವೈಂಡಿಂಗಿನ ಭಾಗವನ್ನು, ಹೊರಗೆ ಎಳೆಯಲಿಲ್ಲ, ಯಾರೂ ಎಳೆಯಬಾರದು. ಆ ಕಾಲದ ಎಷ್ಟೋ ಸರ್ವೋಗಳಲ್ಲಿ ಆಲ್ನಿಕೋ ಅಯಸ್ಕಾಂತಗಳಿರುತ್ತವೆ. ಆರ್ಮೇಚರ್ ಹೊರಗೆ ಬಂದೊಡನೆ ಅವುಗಳ ಬಲ ಕುಂದುತ್ತದೆ, ಮತ್ತೆ ಕಾಂತೀಕರಿಸದೆ ಹಳೆಯ ಟಾರ್ಕ್ ಮರಳುವುದಿಲ್ಲ.

ಇನ್ನು ಅಳತೆ. ಮೋಟಾರನ್ನು ಲೇತ್ ಯಂತ್ರದ ಬೆಡ್ಡಿನ ಮೇಲೆ ಬಿಗಿದು, ಅದರ ಶಾಫ್ಟನ್ನು ಮೆತುವಾದ ಕಪ್ಲಿಂಗಿನ ಮೂಲಕ ಲೇತಿನ ತಿರುಗುವ ಹಿಡಿಕೆಗೆ (ಚಕ್) ಸೇರಿಸಿ, 250 ಆರ್‌ಪಿಎಂನಲ್ಲಿ ತಿರುಗಿಸಿದೆವು. ಮೋಟಾರು ಆಗ ಜನರೇಟರ್ ಆಗುತ್ತದೆ. ತುದಿಗಳಲ್ಲಿ ಮಲ್ಟಿಮೀಟರ್ 15 ವೋಲ್ಟ್ ತೋರಿಸಿತು. ಅಂದರೆ 1000 ಆರ್‌ಪಿಎಂಗೆ 60 ವೋಲ್ಟ್. ಈ ಒಂದು ಅಂಕಿಯಿಂದ ಮೋಟಾರಿನ ಅರ್ಧ ಜಾತಕ ತಿಳಿಯುತ್ತದೆ. ಸೆಕೆಂಡಿಗೆ ಒಂದು ರೇಡಿಯನ್ನಿಗೆ ಎಷ್ಟು ವೋಲ್ಟೋ, ಒಂದು ಆಂಪಿಯರಿಗೆ ಅಷ್ಟೇ ನ್ಯೂಟನ್‌ಮೀಟರ್ ಟಾರ್ಕ್ ಎಂಬುದು ಡಿಸಿ ಮೋಟಾರಿನ ಮೂಲ ನಿಯಮ. ಹಾಗಾಗಿ ಪ್ರತಿ ಆಂಪಿಯರಿಗೆ 0.57 ನ್ಯೂಟನ್‌ಮೀಟರ್, 8 ಆಂಪಿಯರಿಗೆ ಸುಮಾರು 4.6. ಅದೇ ಓಟದಲ್ಲಿ ಹಿಂಬದಿಯ ಟ್ಯಾಕೋಜನರೇಟರಿನ (ವೇಗಕ್ಕೆ ತಕ್ಕಷ್ಟು ವೋಲ್ಟೇಜ್ ಕೊಡುವ ಪುಟ್ಟ ಜನರೇಟರಿನ) ತಂತಿಗಳಲ್ಲಿ 1.75 ವೋಲ್ಟ್ ಬಂತು, ಅಂದರೆ 1000 ಆರ್‌ಪಿಎಂಗೆ 7 ವೋಲ್ಟ್. ಈ ಅಂಕಿ ಮುಂದೆ ಬೇಕಾಗುತ್ತದೆ.

ಆರ್ಮೇಚರಿನ ರೋಧವನ್ನು ಮಲ್ಟಿಮೀಟರಿನ ಓಮ್ ಗುಂಡಿಯಲ್ಲಿ ನೋಡಿದರೆ ಸರಿಯಾದ ಉತ್ತರ ಸಿಗುವುದಿಲ್ಲ, ಬ್ರಷ್ ತಾಗುವ ಜಾಗದ ವೋಲ್ಟೇಜ್ ಕುಸಿತ ಅಳತೆಯನ್ನು ಕೆಡಿಸುತ್ತದೆ. ಶಾಫ್ಟಿಗೆ ಉದ್ದನೆಯ ಸಲಾಕೆ ಬಿಗಿದು ತಿರುಗದಂತೆ ತಡೆದು, ಬೆಂಚಿನ ಪವರ್ ಸಪ್ಲೈಯಿಂದ ಮೊದಲು 3 ಆಂಪಿಯರ್, ಆಮೇಲೆ 6 ಆಂಪಿಯರ್ ಹರಿಸಿದೆವು. ಎರಡು ವೋಲ್ಟೇಜ್‌ಗಳ ವ್ಯತ್ಯಾಸ 2.4 ವೋಲ್ಟ್ ಬಂತು. 3 ಆಂಪಿಯರ್ ವ್ಯತ್ಯಾಸಕ್ಕೆ 2.4 ವೋಲ್ಟ್ ಎಂದರೆ 0.8 ಓಮ್. ಬ್ರಷ್‌ಗಳ ಪಾಲು ಎರಡೂ ಅಳತೆಯಲ್ಲಿ ಹೆಚ್ಚುಕಡಿಮೆ ಒಂದೇ ಇರುವುದರಿಂದ ಕಳೆದುಹೋಗುತ್ತದೆ, ಅದು 2 ವೋಲ್ಟ್‌ನಷ್ಟು. ಶಾಫ್ಟನ್ನು ಬೇರೆ ಬೇರೆ ಕೋನದಲ್ಲಿ ನಿಲ್ಲಿಸಿ ಮತ್ತೆ ಮತ್ತೆ ಅಳೆಯಬೇಕು. ಒಂದು ಕೋನದಲ್ಲಿ ಮಾತ್ರ ಅಂಕಿ ಎಗರಿದರೆ ಕಮ್ಯುಟೇಟರಿನ ಆ ಪಟ್ಟಿಯಲ್ಲಿ ತೊಂದರೆ ಇದೆ ಎಂದರ್ಥ. ನಮ್ಮ ಮೂರರಲ್ಲೂ ಅಂಥದ್ದೇನೂ ಕಾಣಲಿಲ್ಲ.

ಫಲಕದ ಅಂಕಿಗೆ ತಾಳೆ ನೋಡೋಣ: 2000 ಆರ್‌ಪಿಎಂಗೆ 120 ವೋಲ್ಟ್, 8 ಆಂಪಿಯರಿಗೆ 6.4 ವೋಲ್ಟ್, ಬ್ರಷ್‌ಗೆ 2. ಒಟ್ಟು 128.4. ಫಲಕ ಸುಳ್ಳು ಹೇಳಿಲ್ಲ.

ಮುಂದಿನದು ಸರಬರಾಜಿನ ವೋಲ್ಟೇಜ್. ಡ್ರೈವು 80ರವರೆಗೆ ತಡೆಯುತ್ತದೆಂದು 78 ವೋಲ್ಟಿನ ಸಪ್ಲೈ ಕಟ್ಟಲಾಗದು. ನಮ್ಮದು ನಿಯಂತ್ರಣವಿಲ್ಲದ ಸರಳ ಸಪ್ಲೈ: ಉಂಗುರದಾಕಾರದ ಟೊರಾಯ್ಡ್ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ರೆಕ್ಟಿಫೈಯರ್, ಕೆಪಾಸಿಟರ್. 230 ವೋಲ್ಟಿನ ಮೇನ್ಸ್ ಶೇಕಡಾ 10 ಏರಿದರೆ ಡಿಸಿ ಬಸ್ಸಿನ (ಡ್ರೈವುಗಳಿಗೆಲ್ಲ ವಿದ್ಯುತ್ ಒಯ್ಯುವ ಸಾಮಾನ್ಯ ತಂತಿಯ) ವೋಲ್ಟೇಜೂ ಶೇಕಡಾ 10 ಏರುತ್ತದೆ. ಅದರ ಮೇಲೆ ಮೋಟಾರು ಬ್ರೇಕ್ ಹಾಕುವಾಗ ಹಿಂದಕ್ಕೆ ತಳ್ಳುವ ಶಕ್ತಿಗೂ ಜಾಗ ಉಳಿಸಬೇಕು. ಸೆಕೆಂಡರಿ 45 ವೋಲ್ಟ್ ಇರುವ ಟೊರಾಯ್ಡನ್ನು ಸುತ್ತಿಸಿಕೊಂಡೆವು. ಮೇನ್ಸ್ 230 ಇರುವಾಗ ಹೊರೆಯಿಲ್ಲದ ಬಸ್ ವೋಲ್ಟೇಜ್ 64. ಮೇನ್ಸ್ 253ಕ್ಕೆ ಏರಿದರೂ ಸುಮಾರು 70. ಇನ್ನೂ 10 ವೋಲ್ಟ್ ಅಂತರ ಉಳಿಯುತ್ತದೆ.

ಟ್ರಾನ್ಸ್‌ಫಾರ್ಮರಿನ ಗಾತ್ರ ಕೇಳಿ ಹಲವರು ಹುಬ್ಬೇರಿಸುತ್ತಾರೆ. ಮೂರು ಮೋಟಾರು, ತಲಾ 8 ಆಂಪಿಯರ್, 64 ವೋಲ್ಟ್ ಎಂದು ಗುಣಿಸಿದರೆ ಒಂದೂವರೆ ಕಿಲೋವ್ಯಾಟ್ ದಾಟುತ್ತದೆ. ನಾವು ಹಾಕಿದ್ದು 750 ವಿಎ (ವೋಲ್ಟ್-ಆಂಪಿಯರ್). ಪಿಡಬ್ಲ್ಯೂಎಂ ಡ್ರೈವು, ಅಂದರೆ ವಿದ್ಯುತ್ತನ್ನು ಬಹು ವೇಗವಾಗಿ ಹಾಕಿ ತೆಗೆದು ನಿಯಂತ್ರಿಸುವ ಡ್ರೈವು, ವೋಲ್ಟೇಜನ್ನು ಇಳಿಸಿ ಪ್ರವಾಹವನ್ನು ಏರಿಸುವ ಸಾಧನ. ಮೋಟಾರು 80 ಆರ್‌ಪಿಎಂನಲ್ಲಿ ಪೂರ್ತಿ 8 ಆಂಪಿಯರ್ ಹೊತ್ತು ತಿರುಗುತ್ತಿದ್ದರೂ ಅದರ ತುದಿಗಳಲ್ಲಿ ಬೇಕಾಗುವುದು 4.8 ಮತ್ತು 6.4 ಮತ್ತು 2, ಒಟ್ಟು 13 ಚಿಲ್ಲರೆ ವೋಲ್ಟ್. ಅಂದರೆ 106 ವ್ಯಾಟ್. ಅಷ್ಟನ್ನು 64 ವೋಲ್ಟಿನ ಬಸ್ಸಿನಿಂದ ಎಳೆಯಲು ಎರಡು ಆಂಪಿಯರ್ ಕೂಡ ಬೇಡ. ಮೋಟಾರಿನ ತಂತಿಯಲ್ಲಿ 8, ಸಪ್ಲೈ ತಂತಿಯಲ್ಲಿ 1.65. ಎರಡೂ ಕಡೆ ಕ್ಲಾಂಪ್ ಮೀಟರ್ ಹಾಕಿ ನೋಡುವವರೆಗೆ ಇದನ್ನು ನಂಬುವುದು ಕಷ್ಟ. ನೋಡಿದ ಮೇಲೆ ಪವರ್ ಸಪ್ಲೈಗೆ ಸುರಿಯುವ ಹಣ ಎಷ್ಟೋ ಉಳಿಯುತ್ತದೆ.

ಮೇಲಿನ 80 ಆರ್‌ಪಿಎಂ ಸುಮ್ಮನೆ ಆರಿಸಿದ ಅಂಕಿಯಲ್ಲ. ನಮ್ಮ ಸ್ಕ್ರೂವಿನ ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) 5 ಮಿಲಿಮೀಟರ್, ಎಕ್ಸ್ ಮತ್ತು ವೈ ಅಕ್ಷಗಳಲ್ಲಿ ಮೋಟಾರಿಗೆ ನೇರ ಜೋಡಣೆ. 80 ಆರ್‌ಪಿಎಂ ಎಂದರೆ ನಿಮಿಷಕ್ಕೆ 400 ಮಿಲಿಮೀಟರ್ ಫೀಡ್ (ಕತ್ತರಿಸುತ್ತ ಟೇಬಲ್ ಸರಿಯುವ ವೇಗ). 12 ಮಿಲಿಮೀಟರಿನ ನಾಲ್ಕು ಹಲ್ಲಿನ ಕಾರ್ಬೈಡ್ ಎಂಡ್‌ಮಿಲ್ಲಿನಲ್ಲಿ ಇಎನ್8 ಉಕ್ಕು ಕತ್ತರಿಸುವಾಗ ನಮ್ಮ ಸ್ಪಿಂಡಲ್ಲಿನ (ಕಟರನ್ನು ತಿರುಗಿಸುವ ದಂಡದ) ವೇಗಕ್ಕೆ 300ರಿಂದ 400 ಫೀಡ್ ಸಾಕು. ಅಂದರೆ ಯಂತ್ರ ನಿಜವಾಗಿ ದುಡಿಯುವ ಹೊತ್ತಿನಲ್ಲಿ ಮೋಟಾರಿನ ಒಳಗೆ ಹುಟ್ಟುವ ಪ್ರತಿರೋಧಿ ವೋಲ್ಟೇಜ್ ಐದರ ಆಸುಪಾಸು. ಅಲ್ಲಿ 130 ವೋಲ್ಟ್ ಕೊಟ್ಟರೂ 64 ಕೊಟ್ಟರೂ ಕತ್ತರಿಸುವ ಕೆಲಸಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಹೆಚ್ಚಿನ ವೋಲ್ಟೇಜ್ ಬೇಕಾಗುವುದು ಜಾಬ್ ಮುಟ್ಟದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುವಾಗ, ರ‍್ಯಾಪಿಡ್‌ನಲ್ಲಿ ಮಾತ್ರ. ನೂರಾರು ತುಂಡುಗಳ ಉತ್ಪಾದನೆ ಮಾಡುವವರಿಗೆ ಆ ಸೆಕೆಂಡುಗಳೂ ದುಡ್ಡೇ. ನಮ್ಮದು ಫಿಕ್ಸ್ಚರ್ ಮತ್ತು ಡೈ ದುರಸ್ತಿಯ ಕೆಲಸ, ಒಂದೊಂದೇ ತುಂಡು. ನಾವು ಕಳೆದುಕೊಂಡದ್ದು ನಮಗೆ ಬೇಕಿರದ ವೇಗವನ್ನು.

ಎಷ್ಟು ಕಳೆದುಕೊಂಡೆವು? 8 ಆಂಪಿಯರ್ ಹೊರೆಯಲ್ಲಿ 64ರಿಂದ 6.4 ಮತ್ತು 2 ಕಳೆದು, 60ರಿಂದ ಭಾಗಿಸಿದರೆ ಸುಮಾರು 925 ಆರ್‌ಪಿಎಂ, ಅಂದರೆ ನಿಮಿಷಕ್ಕೆ 4.6 ಮೀಟರ್. ಮೊದಲಿದ್ದದ್ದು 10 ಮೀಟರ್. ಆದರೆ 4.6 ಎಂಬುದು ಗೋಡೆ. ಗೋಡೆಗೆ ತಾಗಿಕೊಂಡು ಓಡುವ ಸರ್ವೋಗೆ ತಿದ್ದಿಕೊಳ್ಳಲು ವೋಲ್ಟೇಜ್ ಉಳಿದಿರುವುದಿಲ್ಲ. ಹಾಗಾಗಿ ರ‍್ಯಾಪಿಡ್ ಮಿತಿಯನ್ನು 3.6 ಮೀಟರಿಗೆ, ಅಂದರೆ 720 ಆರ್‌ಪಿಎಂಗೆ ನಿಲ್ಲಿಸಿದೆವು. ಬೇಸಿಗೆಯ ಮಧ್ಯಾಹ್ನ ಮೇನ್ಸ್ 205ಕ್ಕೆ ಇಳಿದರೆ ಬಸ್ಸು 57 ಆಗುತ್ತದೆ, ಆಗಲೂ 810 ಆರ್‌ಪಿಎಂ ಸಿಗುತ್ತದೆ. ಮಿತಿಯನ್ನು ಲೆಕ್ಕ ಹಾಕಬೇಕಾದದ್ದು ಈ ಕೆಟ್ಟ ದಿನಕ್ಕೆ.

ನಿಯಂತ್ರಣಕ್ಕೆ ಲಿನಕ್ಸ್‌ಸಿಎನ್‌ಸಿ ತಂತ್ರಾಂಶ, ಜೊತೆಗೆ ಮೆಸಾ 7ಐ97 ಕಾರ್ಡ್. ಅದು ಡ್ರೈವಿಗೆ ಪ್ಲಸ್ ಮೈನಸ್ 10 ವೋಲ್ಟಿನ ಆಜ್ಞೆ ಕಳಿಸುತ್ತದೆ, ಎನ್‌ಕೋಡರ್ (ಮೋಟಾರು ಎಷ್ಟು ತಿರುಗಿತೆಂದು ಎಣಿಸುವ ಸಾಧನ) ಓದುತ್ತದೆ. ಎನ್‌ಕೋಡರುಗಳು 1000 ಗೆರೆಯವು, ಪ್ರತಿ ಗೆರೆಯನ್ನೂ ನಾಲ್ಕಾಗಿ ಎಣಿಸುವ ಕ್ವಾಡ್ರೇಚರಿನಲ್ಲಿ ಒಂದು ಸುತ್ತಿಗೆ 4000 ಎಣಿಕೆ, ಒಂದು ಎಣಿಕೆಗೆ 1.25 ಮೈಕ್ರಾನ್. ಹಳೆಯ ಟ್ಯಾಕೋಗಳನ್ನು ತೆಗೆಯಲಿಲ್ಲ. ನಿಧಾನ ವೇಗದಲ್ಲಿ ಟೇಬಲ್ ನಯವಾಗಿ ಸರಿಯಬೇಕಾದರೆ ಡ್ರೈವಿನೊಳಗಿನ ವೇಗದ ಲೂಪಿಗೆ (ವೇಗವನ್ನು ಅಳೆದು ತಿದ್ದುತ್ತಿರುವ ವ್ಯವಸ್ಥೆಗೆ) ಟ್ಯಾಕೋದಷ್ಟು ಒಳ್ಳೆಯ ಸಂಗಾತಿ ಇನ್ನೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಕಡಿಮೆ ವೋಲ್ಟೇಜಿನ ಮಟ್ಟಿಗೆ ಅತಿ ಮುಖ್ಯವಾದ ಹೊಂದಾಣಿಕೆ ಇಲ್ಲಿದೆ. ಹಳೆಯ ವ್ಯವಸ್ಥೆಯಲ್ಲಿ 10 ವೋಲ್ಟ್ ಆಜ್ಞೆ ಎಂದರೆ 2000 ಆರ್‌ಪಿಎಂ. ಹಾಗೆಯೇ ಬಿಟ್ಟರೆ ನಿಯಂತ್ರಕ ಮೋಟಾರಿನಿಂದ ಆಗದ ವೇಗವನ್ನು ಕೇಳುವ ಸಾಧ್ಯತೆ ಸದಾ ಇರುತ್ತದೆ, ಆಜ್ಞೆಯ ಅರ್ಧ ವ್ಯಾಪ್ತಿ ವ್ಯರ್ಥವಾಗುತ್ತದೆ. ಡ್ರೈವಿನ ಟ್ಯಾಕೋ ಪೊಟೆನ್ಷಿಯೊಮೀಟರನ್ನು ತಿರುಗಿಸಿ 10 ವೋಲ್ಟಿಗೆ 1000 ಆರ್‌ಪಿಎಂ ಬರುವಂತೆ ಕೂರಿಸಿದೆವು. 2 ವೋಲ್ಟ್ ಆಜ್ಞೆ ಕೊಟ್ಟು, ಟ್ಯಾಕೋ ತಂತಿಯಲ್ಲಿ 1.4 ವೋಲ್ಟ್ ಬರುವವರೆಗೆ ತಿರುಗಿಸಿದರೆ 200 ಆರ್‌ಪಿಎಂ ಸರಿಯಾಗಿ ಕೂತಂತೆ. ಲೇತಿನ ಮೇಲೆ ಟ್ಯಾಕೋ ಅಳೆದದ್ದು ಈ ಕಾರಣಕ್ಕೆ. ಬಸ್ ವೋಲ್ಟೇಜ್ ಅರ್ಧವಾದಾಗ ಪಿಡಬ್ಲ್ಯೂಎಂ ಹಂತದ ಗೇನೂ (ಎಷ್ಟು ಪಟ್ಟು ವರ್ಧಿಸುತ್ತದೆ ಎಂಬುದು) ಅರ್ಧವಾಗುತ್ತದೆ, ಆರ್ಮೇಚರಿನಲ್ಲಿ ಪ್ರವಾಹ ಏರುವ ವೇಗವೂ ಅರ್ಧವಾಗುತ್ತದೆ. ಹಾಗಾಗಿ ಹೆಚ್ಚಿನ ವೋಲ್ಟೇಜಿಗೆ ಹೊಂದಿಸಿದ ಡ್ರೈವುಗಳನ್ನು ತಂದು ಜೋಡಿಸಿದರೆ ಮೊದಲಿಗೆ ಅವು ಮಂಕಾಗಿ ಕಾಣುತ್ತವೆ. ವೇಗದ ಲೂಪಿನ ಗೇನನ್ನು ಮೋಟಾರು ಗುಂಯ್‌ಗುಡುವವರೆಗೆ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿದಾಗ ಬಿಗಿ ಬಂತು. ಇದರಲ್ಲಿ ಒಂದು ಲಾಭವೂ ಇದೆ: ಪಿಡಬ್ಲ್ಯೂಎಂನಿಂದ ಪ್ರವಾಹದಲ್ಲಿ ಉಂಟಾಗುವ ಏರಿಳಿತ ವೋಲ್ಟೇಜಿಗೆ ಅನುಗುಣವಾಗಿ ಕಡಿಮೆಯಾಗುತ್ತದೆ, ಸುಮ್ಮನೆ ನಿಂತ ಮೋಟಾರು ಅಷ್ಟರ ಮಟ್ಟಿಗೆ ತಂಪಾಗಿರುತ್ತದೆ.

ಗೋಡೆ ಎಲ್ಲಿದೆ ಎಂದು ಕಣ್ಣಾರೆ ನೋಡಲು ರ‍್ಯಾಪಿಡನ್ನು ಬೇಕೆಂದೇ 4.8 ಮೀಟರಿಗೆ ಏರಿಸಿ ಹಾಲ್‌ಸ್ಕೋಪಿನಲ್ಲಿ (ಲಿನಕ್ಸ್‌ಸಿಎನ್‌ಸಿಯ ಗೆರೆಚಿತ್ರದ ಪರದೆಯಲ್ಲಿ) ವೇಗ ಮತ್ತು ಫಾಲೋಯಿಂಗ್ ದೋಷ (ಹೇಳಿದ ಸ್ಥಾನಕ್ಕೂ ನಿಜವಾದ ಸ್ಥಾನಕ್ಕೂ ಇರುವ ವ್ಯತ್ಯಾಸ) ಎರಡನ್ನೂ ಹಾಕಿದೆವು. ವೇಗದ ಗೆರೆ ಆಜ್ಞೆಯ ಮೇಲೆಯೇ ಕೂತು ಏರಿತು. ನಿಮಿಷಕ್ಕೆ 4.5 ಮೀಟರ್ ಹತ್ತಿರವಾದಾಗ ಒಮ್ಮೆಗೇ ಬಾಗಿತು. ಅದೇ ಗಳಿಗೆಯಿಂದ ದೋಷದ ಗೆರೆ ಮೇಲೇರಿ, ನಾವು ಹಾಕಿದ್ದ 0.25 ಮಿಲಿಮೀಟರಿನ ಮಿತಿಯನ್ನು ಮುಟ್ಟಿ ಯಂತ್ರ ನಿಂತಿತು. ಕಾಗದದ ಮೇಲಿನ ಲೆಕ್ಕವೂ ಸ್ಕೋಪಿನ ಬಾಗೂ ಇಷ್ಟು ಹತ್ತಿರ ಬಂದದ್ದು ನೋಡಿ ನನಗೆ ತುಂಬಾ ಸಂತೋಷವಾಯಿತು. ಮತ್ತೆ 3.6ಕ್ಕೆ ಇಳಿಸಿದ ಮೇಲೆ ರ‍್ಯಾಪಿಡ್‌ನಲ್ಲಿ ದೋಷ 0.02 ಮಿಲಿಮೀಟರಿನೊಳಗೆ, 300ರ ಫೀಡಿನಲ್ಲಿ ಮೂರು ನಾಲ್ಕು ಮೈಕ್ರಾನಿನೊಳಗೆ ನಿಂತಿದೆ.

ಆಂಪಿಯರಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಗಾಳಿಯಲ್ಲಿ ಟೇಬಲ್ ಸರಿಯುವಾಗ ಎಕ್ಸ್ ಮೋಟಾರು ಎಳೆಯುವುದು ಸುಮಾರು 1.4 ಆಂಪಿಯರ್, ಬಹುಪಾಲು ಜಾರುಪಟ್ಟಿ ಮತ್ತು ಗಿಬ್ಬುಗಳ (ಅವುಗಳ ಸಡಿಲ ತೆಗೆಯುವ ಪಟ್ಟಿಗಳ) ಘರ್ಷಣೆಗೆ. ಇಎನ್8ನಲ್ಲಿ 4 ಮಿಲಿಮೀಟರ್ ಆಳ, 6 ಮಿಲಿಮೀಟರ್ ಅಗಲದ ಕಟ್ ತೆಗೆಯುವಾಗ ಅದು 1.9ರ ಹತ್ತಿರಕ್ಕೆ ಏರಿತು. ಉಕ್ಕು ಕತ್ತರಿಸಲು ಫೀಡ್ ಮೋಟಾರು ಹೆಚ್ಚುವರಿಯಾಗಿ ಕೊಟ್ಟದ್ದು ಅರ್ಧ ಆಂಪಿಯರ್! ಕತ್ತರಿಸುವ ಶಕ್ತಿ ಬರುವುದು ಸ್ಪಿಂಡಲ್ಲಿನಿಂದ. 5 ಮಿಲಿಮೀಟರಿನ ಬಾಲ್‌ಸ್ಕ್ರೂ ಇರುವಾಗ ಫೀಡ್ ಮೋಟಾರಿಗೆ ಅದು ಭಾರವೇ ಅಲ್ಲ. ಈ ಮೋಟಾರು ನಿಜಕ್ಕೂ ಬೆವರು ಸುರಿಸುವುದು ತನ್ನದೇ ರೋಟರನ್ನು ಓಡಿಸುವಾಗ. ವೇಗೋತ್ಕರ್ಷವನ್ನು ಸೆಕೆಂಡಿನ ವರ್ಗಕ್ಕೆ 500 ಮಿಲಿಮೀಟರ್ ಎಂದು ಇಟ್ಟಿದ್ದೇವೆ. ಅಷ್ಟಕ್ಕೇ 7ರಿಂದ 8 ಆಂಪಿಯರ್ ಬೇಕಾಗುತ್ತದೆ. ಡ್ರೈವಿನ ಗರಿಷ್ಠ ಮಿತಿಯನ್ನು 16ಕ್ಕೆ ಕಟ್ಟಿಹಾಕಿದ್ದೇವೆ. ಹಳೆಯ ಅಯಸ್ಕಾಂತಗಳಿಗೆ ಅದಕ್ಕಿಂತ ಹೆಚ್ಚಿನ ಹೊಡೆತ ಬೀಳುವುದು ನನಗೆ ಇಷ್ಟವಿಲ್ಲ.

ನಿಲ್ಲಿಸುವಾಗ ಏನಾಗುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ರೋಟರ್ ಮತ್ತು ಸ್ಕ್ರೂ ಸೇರಿ 720 ಆರ್‌ಪಿಎಂನಲ್ಲಿ ಸುಮಾರು 20 ಜೂಲ್ ಚಲನಶಕ್ತಿ ಹೊತ್ತಿರುತ್ತವೆ. ಇನ್ನೂರು ಕಿಲೋ ತೂಗುವ ಟೇಬಲ್ಲಿನ ಪಾಲು ಒಂದು ಜೂಲ್ ಕೂಡ ಇಲ್ಲ, ಏಕೆಂದರೆ ಅದು ಸರಿಯುವುದು ಸೆಕೆಂಡಿಗೆ 6 ಸೆಂಟಿಮೀಟರ್ ಮಾತ್ರ. ಬ್ರೇಕ್ ಹಾಕಿದಾಗ ಈ ಶಕ್ತಿಯಲ್ಲಿ ಅರ್ಧದಷ್ಟನ್ನು ಘರ್ಷಣೆ ಮತ್ತು ರೋಧ ತಿನ್ನುತ್ತವೆ, ಉಳಿದದ್ದು ಬಸ್ಸಿನ ಕೆಪಾಸಿಟರಿಗೆ ಹೋಗುತ್ತದೆ. 20,000 ಮೈಕ್ರೋಫ್ಯಾರಡ್ ಕೆಪಾಸಿಟರ್ 64 ವೋಲ್ಟಿನಲ್ಲಿ 41 ಜೂಲ್ ಹಿಡಿದಿರುತ್ತದೆ. ಒಂದು ಅಕ್ಷ ನಿಂತರೆ ಬಸ್ 70ರ ಆಸುಪಾಸಿಗೆ ಏರುವುದನ್ನು ಸ್ಕೋಪಿನಲ್ಲಿ ನೋಡಿದೆವು. ಮೂರೂ ಒಟ್ಟಿಗೆ ನಿಂತರೆ, ಅದೂ ಮೇನ್ಸ್ ಏರಿರುವ ರಾತ್ರಿ, 80 ದಾಟುವುದು ಕಷ್ಟವೇನಲ್ಲ. ಅದಕ್ಕೆ 74 ವೋಲ್ಟಿನಲ್ಲಿ ಕೆಲಸ ಶುರುಮಾಡಿ ಹೆಚ್ಚಿನ ಶಕ್ತಿಯನ್ನು ರೋಧಕಕ್ಕೆ ಹರಿಸುವ ಷಂಟ್ ಸರ್ಕ್ಯೂಟ್ ಮತ್ತು ತಂತಿ ಸುತ್ತಿದ ಬ್ರೇಕ್ ರೋಧಕ ಹಾಕಿದ್ದೇವೆ. ಇದಿಲ್ಲದೆ ಡ್ರೈವಿಗೆ ಬಸ್ ವೋಲ್ಟೇಜ್ ಕೊಡಬೇಡಿ. ಕೆಪಾಸಿಟರಿನ ಎರಡು ತುದಿಗಳ ನಡುವೆ 2.2 ಕಿಲೋಓಮ್, 10 ವ್ಯಾಟಿನ ಬ್ಲೀಡರ್ (ಉಳಿದ ವಿದ್ಯುತ್ತನ್ನು ಬರಿದುಮಾಡುವ ರೋಧಕ) ಇರಲಿ. ಮೇನ್ಸ್ ತೆಗೆದ ಮೇಲೂ ಮೂರು ನಾಲ್ಕು ನಿಮಿಷ ಕೈ ಹಾಕಬೇಡಿ, ಹಾಕುವ ಮೊದಲು ಮೀಟರ್ ಹಿಡಿದು ನೋಡಿ.

ಝಡ್ ಅಕ್ಷದಲ್ಲಿ ಯಂತ್ರದ ಮೊಣಕಾಲಿನ (ಟೇಬಲ್ಲನ್ನು ಹೊತ್ತು ಮೇಲೆ ಕೆಳಗೆ ಸರಿಯುವ ಭಾಗದ) ಪೂರ್ತಿ ಭಾರವನ್ನು ಮೋಟಾರು ಹೊತ್ತು ನಿಲ್ಲಬೇಕು. ಅಲ್ಲಿ ಒಂದಕ್ಕೆ ಎರಡರ ಹಲ್ಲುಬೆಲ್ಟ್ ಇಳಿಕೆ ಇದೆ, ನಿಂತಲ್ಲೇ 2.7 ಆಂಪಿಯರ್ ಹರಿಯುತ್ತದೆ, ರೋಧದಲ್ಲಿ 6 ವ್ಯಾಟಿನಷ್ಟು ಬಿಸಿ. ಬಸ್ ವೋಲ್ಟೇಜ್ ಎಷ್ಟಿದ್ದರೂ ಈ ಅಂಕಿ ಬದಲಾಗುವುದಿಲ್ಲ. ದಿನವಿಡೀ ಓಡಿಸಿದ ಮೇಲೂ ಮೋಟಾರಿನ ಮೈ ಕೈಯಿಟ್ಟು ಹಿಡಿಯುವಷ್ಟು ಬೆಚ್ಚಗಿರುತ್ತದೆ, ಅಷ್ಟೇ. ಬೆಲ್ಟಿನಿಂದಾಗಿ ಇದರ ರ‍್ಯಾಪಿಡ್ 1.8 ಮೀಟರ್. ವಿದ್ಯುತ್ ಹೋದೊಡನೆ ಹಿಡಿದುಕೊಳ್ಳುವ ಬ್ರೇಕ್ ಇಲ್ಲಿ ಕಡ್ಡಾಯ. ಡ್ರೈವು ಸಿದ್ಧವಿದೆ ಎಂಬ ಸಂಕೇತ ಬಂದ ಮೇಲೆಯೇ ಅದು ಬಿಡುಗಡೆಯಾಗುವಂತೆ ರಿಲೇ ಹಾಕಿದ್ದೇವೆ.

ಈ ಲೆಕ್ಕವನ್ನು ಸ್ಪಿಂಡಲ್ ಮೋಟಾರಿಗೆ ಹಚ್ಚಬೇಡಿ. ಅಲ್ಲಿ ಬೇಕಿರುವುದು ಶಕ್ತಿ, ಮತ್ತು ಶಕ್ತಿ ಎಂದರೆ ಟಾರ್ಕ್ ಗುಣಿಸು ವೇಗ. ವೇಗ ಅರ್ಧವಾದರೆ ತೆಗೆಯಬಹುದಾದ ಲೋಹವೂ ಅರ್ಧವಾಗುತ್ತದೆ, ಸಣ್ಣ ಕಟರುಗಳು ಬೇಡುವ ಆರ್‌ಪಿಎಂ ಸಿಗುವುದೇ ಇಲ್ಲ. ನಮ್ಮ ಸ್ಪಿಂಡಲ್ಲಿನ ಇಂಡಕ್ಷನ್ ಮೋಟಾರು ಮೊದಲಿನಂತೆ 415 ವೋಲ್ಟಿನ ಮೂರು ಫೇಸಿನಲ್ಲಿ, ಆವರ್ತನ ಬದಲಿಸಿ ವೇಗ ಹೊಂದಿಸುವ ವಿಎಫ್‌ಡಿ ಮೂಲಕವೇ ಓಡುತ್ತಿದೆ. ಅದಕ್ಕೆ ನಾವು ಮಾಡಿದ್ದು ಬೇರಿಂಗ್ ಬದಲಾವಣೆ ಮಾತ್ರ.